ಬಿಳಿ ಕಾಗದದ ಮೇಲೆ ಬಂಗಾರದ ಚುಕ್ಕಿ

ತನ್ನ ಮನೆಯ ಬಾವಿಯ ನೀರು ಕೆಟ್ಟದೆಂದು ಒಪ್ಪಿಕೊಂಡ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಮಗ ಓದಿನಲ್ಲಿ ಹಿಂದೆ ಎನ್ನುತ್ತಾರೆ, ಹಸು ಹಾಲು ಕೊಡುವುದು ಕಡಿಮೆ ಎನ್ನುತ್ತಾರೆ, ಹೆಂಡತಿಯ ಸಾರಿಗೆ ಉಪ್ಪು ಜಾಸ್ತಿಯೆಂದು ಹೇಳುವ ಧೈರ್ಯವಂತರೂ ಇದ್ದಾರೆ. ಬಾವಿಯ ಮಾತು ಬಂದರೆ ಮಾತ್ರ ಎಲ್ಲರದೂ ಒಂದೇ ರಾಗ: "ನಮ್ಮದು ಎಳನೀರಿನ ಹಾಗೆ ಉಂಟು ಮಾರಾಯ್ರೆ." ಅರುವತ್ತರ ದಶಕದಲ್ಲಿ ಪುತ್ತೂರಿನ ಸಣ್ಣದೊಂದು ಪ್ರಯೋಗಾಲಯದಲ್ಲಿದ್ದ ನನಗೆ ಆಲಂಕಾರಿನಿಂದ ಅರಂತೋಡಿನವರೆಗೆ ಈ ಎಳನೀರುಗಳನ್ನೆಲ್ಲ ಪರೀಕ್ಷೆಗೆ ಒಳಪಡಿಸುವ ಕೆಲಸ. ಹುದ್ದೆಯ ಹೆಸರು ಸಹಾಯಕ. ಮಾವನ ಮನೆಯಲ್ಲಿ ಮಾತ್ರ ನಾನು ವಿಜ್ಞಾನಿ.

ಮೊದಲೆಲ್ಲ ಗಾಜಿನ ನಳಿಗೆಗಳಲ್ಲಿ ನೀರು ಹಾಕಿ, ಗುಳ್ಳೆ ಏಳುತ್ತದೆಯೋ ಎಂದು ದಿನಗಟ್ಟಲೆ ಕಾಯಬೇಕಿತ್ತು. ಆಮೇಲೆ ನಮ್ಮ ಡಾಕ್ಟರು ಮದರಾಸಿನಿಂದ ಒಂದು ಪೆಟ್ಟಿಗೆ ತಂದರು. ಅದರಲ್ಲಿ ಗೋಳಿಬಜೆಯಷ್ಟು ಅಗಲದ, ಚೌಕುಳಿ ಗೆರೆ ಎಳೆದ ಬಿಳಿ ಸೋಸುಕಾಗದಗಳು. ಕಾಗದದ ಮೇಲೆ ಲೋಹದ ಆಲಿಕೆ ಕೂರಿಸಿ, ನೀರು ಹೊಯ್ದು, ಕೆಳಗಿನಿಂದ ಕೈಪಂಪಿನಲ್ಲಿ ಗಾಳಿ ಎಳೆದರೆ ನೀರು ಇಳಿದುಹೋಗುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಮೇಲೆ ಉಳಿಯುತ್ತವೆ. ಆ ಕಾಗದವನ್ನು ಕೆಂಪು ರಸದ ತಟ್ಟೆಯಲ್ಲಿಟ್ಟು ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಂದು ದಿನ ಮುಚ್ಚಿಟ್ಟರೆ, ಒಂದೊಂದು ಜೀವಿಯೂ ಒಂದೊಂದು ಸಂಸಾರವಾಗಿ ಬೆಳೆದು, ಹಸಿರು ಹೊಳಪಿನ ಬಂಗಾರದ ಚುಕ್ಕಿಯಾಗುತ್ತದೆ. "ಇವು ಹೊಟ್ಟೆಯೊಳಗೆ ಇರುವಂಥವು. ನೀರಲ್ಲಿ ಕಂಡರೆ ಹೊಲಸು ಸೇರಿದೆ ಅಂತ ಲೆಕ್ಕ. ಟೈಫಾಯ್ಡು ಅದೇ ದಾರಿಯಲ್ಲಿ ಬರುದು," ಎಂದರು ಡಾಕ್ಟರು. ಮೊದಲ ಸಲ ಆ ಚುಕ್ಕಿಗಳನ್ನು ಕಂಡಾಗ ನನಗೆ ಅಸಹ್ಯವಾಗಲಿಲ್ಲ. ಹೊಲಸಿಗೆ ಇಷ್ಟು ಚಂದದ ಬಣ್ಣ ಕೊಟ್ಟವನು ಯಾರಪ್ಪ ಎಂದು ಬೆರಗಾಗಿ, ಊಟದ ಹೊತ್ತು ಮೀರಿದ್ದು ತಿಳಿಯದೆ ನಿಂತಿದ್ದೆ.

ಆ ವರ್ಷ ಅರಂತೋಡಿನ ರಸ್ತೆಬದಿಯಲ್ಲಿ ಇಬ್ಬರಿಗೆ ಟೈಫಾಯ್ಡು ಬಂತು. ಬೆರಳುಗಳೆಲ್ಲ ಮೋನು ಬ್ಯಾರಿಯ ಚಾದಂಗಡಿಯ ಬಾವಿಯ ಕಡೆಗೆ ತಿರುಗಿದವು. ಫಲಿತಾಂಶ ಬರುವವರೆಗೆ ಒಲೆ ಹಚ್ಚಬಾರದೆಂದು ಡಾಕ್ಟರು ಹೇಳಿ ಕಳುಹಿಸಿದರು. ಅಂಗಡಿ ಬಿಟ್ಟರೆ ಆ ಮನೆಗೆ ಬೇರೆ ದಾರಿಯಿಲ್ಲ. ನಾನು ಪೆಟ್ಟಿಗೆ ಹೊತ್ತು ಬಸ್ಸಿಳಿದಾಗ ಮೋನು ಬ್ಯಾರಿ ಎದ್ದು ನಿಂತು, "ಸರಿ ನೋಡಿ ಗೌಡ್ರೆ. ಒಮ್ಮೆ ಬಾವಿಯ ಹೆಸರು ಕೆಟ್ಟರೆ ಮತ್ತೆ ಯಾರು ಬರುದು?" ಎಂದರು. "ಇದು ವಿಜ್ಞಾನ, ಬ್ಯಾರಿಯವರೆ. ಮುಖ ನೋಡಿ ಹೇಳುದಿಲ್ಲ," ಎಂದೆ, ಗತ್ತಿನಿಂದಲೇ.

ಜೊತೆಗೆ ತಂದಿದ್ದ ಸಣ್ಣ ಸ್ಟವ್ವಿನಲ್ಲಿ ಆಲಿಕೆಯನ್ನು ಕುದಿಸಿದೆ. ನಿಯಮದಂತೆ, ಪುತ್ತೂರಿನಿಂದ ತಂದಿದ್ದ ಕುದಿಸಿ ಆರಿಸಿದ ನೀರನ್ನು ಮೊದಲು ಒಂದು ಕಾಗದದ ಮೇಲೆ ಹಾಯಿಸಿದೆ, ಆಮೇಲೆ ಬಾವಿಯ ನೀರನ್ನು ಇನ್ನೊಂದರ ಮೇಲೆ. ಶುದ್ಧ ನೀರನ್ನೇ ಶುದ್ಧವೋ ಎಂದು ಕೇಳುವ ಈ ನಿಯಮ ನನಗೆ ಯಾವತ್ತೂ ಹುಚ್ಚಾಟವಾಗಿ ಕಂಡಿತ್ತು.

ಮರುದಿನ ಪುತ್ತೂರಿನ ಪ್ರಯೋಗಾಲಯದಲ್ಲಿ ಬಾವಿಯ ತಟ್ಟೆ ತೆರೆದರೆ ಬಂಗಾರದ ಚುಕ್ಕಿಗಳು. ಒಳಗೊಳಗೇ ಹಿಗ್ಗಿ, ವರದಿಯ ಅರ್ಧ ಬರೆದೂ ಬಿಟ್ಟೆ. ಆಮೇಲೆ ಶಾಸ್ತ್ರಕ್ಕೆಂದು ಕುದಿಸಿದ ನೀರಿನ ತಟ್ಟೆ ತೆರೆದೆ. ಅದರಲ್ಲಿ ಬಾವಿಯದ್ದಕ್ಕಿಂತ ಹೆಚ್ಚು ಚುಕ್ಕಿಗಳು ಹೊಳೆಯುತ್ತಿದ್ದವು.

ಆಗ ನೆನಪಾಯಿತು. ಕುದಿಸಿದ ಆಲಿಕೆ ಒದ್ದೆಯಿತ್ತು. ಒದ್ದೆ ಪಾತ್ರೆಯನ್ನು ಹಾಗೆಯೇ ಇಡುವ ಸಂಪ್ರದಾಯ ನಮ್ಮ ಮನೆಯಲ್ಲಿಲ್ಲ. ಹೆಗಲ ಮೇಲಿನ ಬೈರಾಸಿನಿಂದ ಒಳಗೂ ಹೊರಗೂ ಚೆನ್ನಾಗಿ ಒರೆಸಿದ್ದೆ. ಬೆಳಿಗ್ಗೆ ಹಟ್ಟಿಯಲ್ಲಿ ಹಾಲು ಕರೆದು ಕೈ ಒರೆಸಿಕೊಂಡದ್ದೂ, ಬಸ್ಸಿನ ಸೀಟು ಒರೆಸಿದ್ದೂ ಅದೇ ಬೈರಾಸಿನಿಂದ.

ಕೋಣೆಯಲ್ಲಿ ನಾನೊಬ್ಬನೇ. ತಟ್ಟೆ ಕೈಯಲ್ಲಿತ್ತು, ತೊಳೆಯುವ ತೊಟ್ಟಿ ಎರಡು ಹೆಜ್ಜೆ ದೂರದಲ್ಲಿತ್ತು. ತೊಳೆದುಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು, ಬ್ಯಾರಿಯ ಬಾವಿಯದ್ದು ಹೋಗುತ್ತಿತ್ತು. ಒಂದು ಹೆಜ್ಜೆ ಇಟ್ಟೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆದರೆ ಆ ಚುಕ್ಕಿಗಳು ನನ್ನ ಬೈರಾಸಿನ ಒಂದು ಬೆಳಗಿನ ಚರಿತ್ರೆಯನ್ನು ಒಂದೂ ಬಿಡದೆ ಬರೆದಿಟ್ಟಿದ್ದವು. ಕಣ್ಣಿಗೆ ಕಾಣದ ಪ್ರಾಣಿಗಳಿಗೆ ಇರುವ ಪ್ರಾಮಾಣಿಕತೆ ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು. ತಟ್ಟೆಯನ್ನು ಡಾಕ್ಟರ ಮೇಜಿನ ಮೇಲಿಟ್ಟು ನಡೆದದ್ದು ಹೇಳಿದೆ. ಅವರು ಬೈರಾಸನ್ನು ನೋಡಿ, "ಇವತ್ತೇ ಹೋಗಿ ಬನ್ನಿ. ಅದನ್ನು ಇಲ್ಲಿ ಬಿಟ್ಟು ಹೋಗಿ," ಎಂದರು.

ಮೋನು ಬ್ಯಾರಿ ತಣ್ಣಗಿನ ಒಲೆಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು. ತಪ್ಪು ನನ್ನದೆಂದೂ, ಹಟ್ಟಿಯಲ್ಲಿ ಕೈ ಒರೆಸಿದ ಬೈರಾಸಿನಿಂದಲೇ ಆಲಿಕೆ ಒರೆಸಿದೆನೆಂದೂ, ಇನ್ನೊಂದು ದಿನ ಬೇಕೆಂದೂ ಹೇಳಿದೆ. ಅವರು ನಗಲಿಲ್ಲ. "ಹಾಗಾದರೆ ನನ್ನ ಬಾವಿಗೆ ಬಂದದ್ದು ನಿಮ್ಮ ಹಟ್ಟಿಯ ದನವಾ?" ಎಂದಷ್ಟೇ ಕೇಳಿದರು. ಈ ಸಲ ಆಲಿಕೆಯನ್ನು ತನ್ನಷ್ಟಕ್ಕೆ ಆರಲು ಬಿಟ್ಟೆ.

ಮರುದಿನ ಎರಡು ತಟ್ಟೆಯ ಕಾಗದಗಳೂ ಬೆಳ್ಳಗೆ ಇದ್ದವು. ಮೊದಲು ಚುಕ್ಕಿ ಕಂಡು ಬೆರಗಾದದ್ದು ಇದರ ಮುಂದೆ ಏನೇನೂ ಅಲ್ಲ. ಏನೂ ಇಲ್ಲದ ಆ ಬಿಳುಪು ಕಂಡು ನನ್ನ ಕಣ್ಣು ತುಂಬಿತು. ವರದಿಯನ್ನು ಟಪಾಲಿಗೆ ಹಾಕದೆ ನಾನೇ ಬಸ್ಸು ಹತ್ತಿದೆ.

ಮೋನು ಬ್ಯಾರಿ ವರದಿಯನ್ನು ಓದಿಸಿ ಕೇಳಿ, ಒಲೆ ಹಚ್ಚಿದರು. ಆಮೇಲೆ ಬಾವಿಯಿಂದ ಸೇದಿದ ನೀರು ಒಂದು ಗ್ಲಾಸು ತಂದು ನನ್ನ ಮುಂದೆ ಹಿಡಿದರು. ಎಷ್ಟೋ ವರ್ಷ ಆ ದಾರಿಯಲ್ಲಿ ಓಡಾಡಿದರೂ, ಮುಸಲ್ಮಾನರ ಅಂಗಡಿಯಲ್ಲವೇ ಎಂದು ಅಳುಕಿ, "ಈಗಷ್ಟೇ ಕುಡಿದೆ" ಎಂದು ಅಲ್ಲಿ ನೀರು ಮುಟ್ಟದವನು ನಾನು. ಈ ಸಲ ಗ್ಲಾಸು ತೆಗೆದುಕೊಂಡೆ. ಎಡಗೈ ಮಾತ್ರ, ನನ್ನನ್ನು ಕೇಳದೆ, ಒಗೆದು ಮತ್ತೆ ಹೆಗಲೇರಿಸಿದ್ದ ಬೈರಾಸು ಎಳೆದು ಗ್ಲಾಸಿನ ಅಂಚಿಗೆ ಹೋಗಿತ್ತು.

"ಒರೆಸುದು ಬೇಡ ಗೌಡ್ರೆ," ಎಂದರು ಮೋನು ಬ್ಯಾರಿ, "ಅದು ತೊಳೆದದ್ದು."

ನಾನು ಬೈರಾಸನ್ನು ಮಡಚಿ, ಬೆಂಚಿನ ಮೇಲಿಟ್ಟು, ಅದರ ಮೇಲೆ ಕುಳಿತು ನೀರು ಕುಡಿದೆ.