ಪೇಡೆ ಬಿಟ್ಟ ಪತ್ತೇದಾರ

ಕಥೆಯೊಳಗಿನ ಮನುಷ್ಯನಿಗೂ ಪಕ್ಕದ ಮನೆಯವನಿಗೂ ನಮ್ಮ ಧಾರವಾಡದ ಜನ ಭೇದ ಮಾಡುವುದಿಲ್ಲ. ಹೀಗಾಗಿ ನಾನು ಹಾಲು ತರಲು ಹೊರಟರೂ ಒಂದಿಲ್ಲೊಂದು ಪ್ರಸಂಗ ತಪ್ಪಿದ್ದಲ್ಲ.

ನಾನು ಪತ್ತೇದಾರಿ ಕಥೆ ಬರೆಯುವವಳು. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಹನ್ನೆರಡು ವರ್ಷದಿಂದ ನನ್ನ ಪತ್ತೇದಾರ ಕೊಲೆಗಾರರನ್ನು ಹಿಡಿಯುತ್ತಿದ್ದಾನೆ. ಚಪ್ಪಲಿಯ ಸವೆತ ನೋಡಿ ಊರು ಹೇಳುವಷ್ಟು ಚುರುಕು. ಆದರೆ ಸಕ್ಕರೆ ಕಾಯಿಲೆ ಇದ್ದೂ ಪೇಡೆ ಕಂಡರೆ ಬಿಡುವುದಿಲ್ಲ. ತಿಂದು ಹೆಂಡತಿಗೆ ಸುಳ್ಳು ಹೇಳುತ್ತಾನೆ, ಪ್ರತಿ ಸಲವೂ ಸಿಕ್ಕಿಬೀಳುತ್ತಾನೆ.

ಸಂಪಾದಕರ ಷರತ್ತು

ಹೊಸದಾಗಿ ಬಂದ ಸಂಪಾದಕರು ಒಂದು ದಿನ ಫೋನ್ ಮಾಡಿದರು. "ಮೇಡಂ, ನಾಯಕ ಅಂದ್ರ ಮಂದಿಗೆ ಮಾದರಿ ಆಗಬೇಕ್ರಿ. ಅವನ ಪೇಡೆ ಬಿಡಿಸ್ರಿ. ಇಲ್ಲಾಂದ್ರ ಧಾರಾವಾಹಿ ಇದ ತಿಂಗಳಿಗೆ ಮುಗಿಸಿಬಿಡೋಣು."

ಹನ್ನೆರಡು ವರ್ಷ ಸಾಕಿದವನನ್ನು ಹೇಗೆ ಕೈಬಿಡಲಿ? ಪಥ್ಯ ಮಾಡಿಯಾದರೂ ಬದುಕಲಿ ಎಂದು ಒಪ್ಪಿಕೊಂಡೆ. "ಮತ್ತ ಕೊಲಿ ಕಡಿಮಿ ಮಾಡಬೇಕೇನ್ರಿ?" ಎಂದು ಕೇಳಿದೆ.

"ಛೆ ಛೆ, ಕೊಲಿ ಎಷ್ಟು ಬೇಕಾದ್ರೂ ಇರಲಿ. ಚಟ ಮಾತ್ರ ಬ್ಯಾಡ್ರಿ."

ಮಾಳಮಡ್ಡಿಯ ಮಾಸ್ತರರು

ಪತ್ತೇದಾರನಿಗೆ ಪೇಡೆಯ ಬದಲು ಮೊಳಕೆ ಬರಿಸಿದ ಕಾಳು ಕೊಟ್ಟೆ. ಕೆಲವು ವಾರ ಕಳೆಯುವಷ್ಟರಲ್ಲಿ ಮಾಳಮಡ್ಡಿಯ ನಮ್ಮ ಎದುರು ಮನೆಯ ನಿವೃತ್ತ ಮಾಸ್ತರರು ಪತ್ರಿಕೆ ಹಿಡಿದು ನಮ್ಮ ಅಂಗಳಕ್ಕೇ ಬಂದರು.

"ಏನಾಗೇದ್ರಿ ಅವಗ? ಮೊದಲು ಮೂರನೇ ಕಂತಿಗೆ ಕೊಲೆಗಾರನ್ನ ಹಿಡೀತಿದ್ದ. ಈಗ ಐದು ಆತು, ಇನ್ನೂ ಕಾಳು ಅಗೀಲಿಕ್ಕತ್ತಾನ."

"ಸಕ್ಕರಿ ಇಳದು ತಬ್ಯೇತ ಸುಧಾರಿಸೇದ್ರಿ, ಮಾಸ್ತರ."

"ಅವನ ತಬ್ಯೇತ ಕಟಗೊಂಡು ನಾವೇನ್ ಮಾಡೂದ್ರಿ? ಜನ್ಮ ಪೂರ್ತಿ ಸಾಲ್ಯಾಗ ಶಾಣ್ಯಾ ಹುಡುಗರನ್ನ ನೋಡೇನಿ. ಒಂದೂ ಕೆಟ್ಟ ಚಾಳಿ ಇಲ್ಲದ ಶಾಣ್ಯಾ ಸಿಕ್ಕಾ ಅಂದ್ರ, ಅಂವ ಕಾಪಿ ಹೊಡದಾನ ಅಂತನ ತಿಳೀರಿ."

ಕೆಲಗೇರಿಯ ನಿಯೋಗ

ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋದಾಗ ನಾಲ್ಕು ಜನ ಹೆಂಗಸರು ಅಡ್ಡಗಟ್ಟಿದರು. ಅವರಲ್ಲಿ ಹಿರಿಯಳು ಹೇಳಿದಳು, "ಅವನ ಹೇಂತಿಗೆ ಅನ್ಯಾಯ ಮಾಡೀರಿ ನೀವು."

ಗಂಡನ ಚಟ ಬಿಡಿಸಿದ್ದು ಅನ್ಯಾಯವೇ? ನನಗೆ ಅರ್ಥವಾಗಲಿಲ್ಲ.

"ಎಂಥೆಂಥಾ ಕೊಲೆಗಾರನ್ನ ಹಿಡಿಯಾಂವ ಹೇಂತಿ ಮುಂದ ಸಿಕ್ಕಿ ಬೀಳ್ತಿದ್ದ ನೋಡ್ರಿ, ಅದನ್ನ ಓದಿ ನಾವೂ ಧೈರ್ಯಾ ತಗೊಂಡು ನಮ್ಮ ಮನ್ಯಾಗ ಗಂಡಂದಿರ ಕಿಸೆ ತಪಾಸ್ ಮಾಡ್ತಿದ್ವಿ. ಈಗ ನಮ್ಮನಿಯವರು ಪತ್ರಿಕಾ ಮುಖಕ್ಕ ಹಿಡದು, 'ನೋಡು, ಆಕಿ ಗಂಡನ ಮ್ಯಾಲೆ ಹೆಂಗ ನಂಬಿಗಿ ಇಟ್ಟಾಳ' ಅಂತಾರ್ರಿ!"

ಸತ್ತೂರಿನ ಚೀಟಿ

ಅಷ್ಟರಲ್ಲಿ ನಮ್ಮ ಯಜಮಾನರ ಸಕ್ಕರೆ ಪರೀಕ್ಷೆಗೆಂದು ಸತ್ತೂರಿನ ಆಸ್ಪತ್ರೆಗೆ ಹೋಗಬೇಕಾಯಿತು. ನಾನು ಯಾರೆಂದು ತಿಳಿದದ್ದೇ ತಡ, ಡಾಕ್ಟರು ರಿಪೋರ್ಟು ಪಕ್ಕಕ್ಕಿಟ್ಟರು.

"ಹೋದ ವಾರ ಕೊಲೆಗಾರ ತಾನ ಪೇಡೆ ತಾಟು ಮುಂದಿಟ್ಟ. ನಿಮ್ಮ ಪತ್ತೇದಾರ ಬ್ಯಾಡ ಅಂದ! ಖರೇ ಹೇಳ್ತೇನ್ರಿ, ಓದಿ ನನಗ ಎರಡು ದಿನ ಊಟ ಸೇರಲಿಲ್ಲ."

ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ. ಪೇಡೆ ಕೊಟ್ಟರೆ ಸಂಪಾದಕರು ಧಾರಾವಾಹಿ ನಿಲ್ಲಿಸುತ್ತಾರೆ, ಕೊಡದಿದ್ದರೆ ಓದುಗರು ಓದುವುದನ್ನು ನಿಲ್ಲಿಸುತ್ತಾರೆ. ಹೇಗೂ ನನ್ನ ಪತ್ತೇದಾರ ಉಳಿಯುವುದಿಲ್ಲ. "ನೀವು ಹೇಳಿದ್ರ ಸಂಪಾದಕರು ಕೇಳ್ಯಾರು, ಏನಾರ ಬರದು ಕೊಡ್ರಿ" ಎಂದೆ.

ಡಾಕ್ಟರು ಔಷಧಿ ಚೀಟಿ ಎಳೆದುಕೊಂಡು, ನಗದೆ, ಬರೆದರು: "ಪೇಡೆ, ಒಂದು. ವಾರಕ್ಕೊಮ್ಮೆ. ಕೊಲೆಯಾದ ನಂತರ." ಕೆಳಗೆ ಸಹಿ ಹಾಕಿದರು.

ಅಲ್ಲೇ ಕೂತು ಚೀಟಿಯ ಫೋಟೋ ತೆಗೆದು ಸಂಪಾದಕರಿಗೆ ವಾಟ್ಸಾಪ್ ಮಾಡಿದೆ. ಪಾಪ, ಅವರಿಗೂ ಓದುಗರ ಕಾಟ ಸಾಕಾಗಿತ್ತೇನೋ. "ಲಗೂ ತಿನ್ನಿಸ್ರಿ, ಈ ವಾರನ ತಿನ್ನಿಸ್ರಿ" ಎಂದು ಕೂಡಲೇ ಉತ್ತರ ಬಂತು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು.

ಪಕ್ಕದಲ್ಲೇ ಕೂತಿದ್ದ ನಮ್ಮ ಯಜಮಾನರು ಮೆಲ್ಲಗೆ ಕುರ್ಚಿ ಮುಂದೆಳೆದರು. "ಡಾಕ್ಟರ, ಹಂಗಾರ ನನಗೂ ಅಂಥಾದ್ದ ಒಂದು ಚೀಟಿ ಬರದು ಕೊಡ್ರಿ."

ಡಾಕ್ಟರು ಕನ್ನಡಕದ ಮೇಲಿಂದ ಅವರನ್ನು ನೋಡಿದರು.

"ನೀವು ಯಾರ ಕೊಲಿ ಪತ್ತೆ ಹಚ್ಚೀರಿ?"