ಮುಸುರೆ ಬಕೆಟ್ಟಿನಲ್ಲಿ ಕೂಲಂಟ್

ನಿವೃತ್ತನಾದ ಗಂಡನನ್ನು ಮನೆಯಲ್ಲಿ ಸುಮ್ಮನೆ ಕೂಡಿಸುವುದು ಕಷ್ಟ, ಕೆಲಸಕ್ಕೆ ಹಚ್ಚುವುದು ಇನ್ನೂ ಕಷ್ಟ ಎನ್ನುವುದು ನನ್ನ ಹೆಂಡತಿ ಶಾಂತಾಳ ಅನುಭವದ ಮಾತು. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತಿಯ ನಂತರ ಬೆಟಗೇರಿಯ ಮನೆಗೆ ಬಂದು ಕೂತವನು ನಾನು. ಬಂದವನೇ ಪಾತ್ರೆ ತಿಕ್ಕುವ ಕೆಲಸವನ್ನು ಅವಳ ಕೈಯಿಂದ ಕಸಿದುಕೊಂಡೆ. ಲಿಂಬೆಹಣ್ಣಿನ ವಾಸನೆಯ ಸೋಪಿನ ದ್ರವವನ್ನು ಧಾರಾಳವಾಗಿ ಸುರಿದು, ಮೊಳಕೈವರೆಗೆ ನೊರೆ ಎಬ್ಬಿಸಿ ತಿಕ್ಕುತ್ತಿದ್ದೆ. "ಪಾತ್ರಿ ತಿಕ್ಕಾಕತ್ತೀರೋ, ಅರಿವಿ ಒಗ್ಯಾಕತ್ತೀರೋ?" ಎಂದು ಶಾಂತಾ ಗೊಣಗಿದರೆ, ಸ್ವಚ್ಛತೆಯ ಬಗ್ಗೆ ಎಂಟನೇ ಇಯತ್ತೆಯ ಪಾಠವನ್ನು ಪೂರ್ತಿ ಒಪ್ಪಿಸುತ್ತಿದ್ದೆ. ಆ ಯಶಸ್ಸಿನ ಗುಂಗಿನಲ್ಲೇ ನಾನು ಕಾರಿಗೆ ಕೈ ಹಾಕಿದ್ದು.

ನಮ್ಮದು ಹಳೆಯ ಸಣ್ಣ ಕಾರು. ಶಿಗ್ಲಿಯ ಬೀಗರ ಮನೆಯಿಂದ ಬರುವಾಗ ದಾರಿಯಲ್ಲಿ ಎಂಜಿನ್ ಕಾದು, ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೋಗಿ ಕೂತಿತು. ಕೂಲಂಟ್ ಹಳೆಯದಾಗಿದೆ, ಬಸಿದು ಹೊಸದು ತುಂಬಬೇಕು ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹುಡುಗ ಹೇಳಿದ. ಕೂಲಂಟ್ ಅಂದರೆ ಎಂಜಿನ್ನಿನ ಸುತ್ತ ಹರಿದು ಅದನ್ನು ತಣ್ಣಗಿಡುವ ಬಣ್ಣದ ನೀರು. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯುವುದು, ಕೆಳಗಿನ ತಿರುಪು ಸಡಿಲಿಸುವುದು, ಬೀಳುವುದನ್ನು ಒಂದು ಪಾತ್ರೆಯಲ್ಲಿ ಹಿಡಿಯುವುದು. ಇಷ್ಟಕ್ಕೆ ಗ್ಯಾರೇಜಿಗೆ ಏಕೆ ಹೋಗಬೇಕು? ಮರುದಿನ ಬೆಳಗಾಗುತ್ತಲೇ ಹಳೆಯ ಲುಂಗಿ ಉಟ್ಟು ಕಾರಿನ ಕೆಳಗೆ ತೂರಿದೆ. ತೂರಿದ ಮೇಲೆ ಪಾತ್ರೆಯ ನೆನಪಾಯಿತು.

ಅವತ್ತು ನಳಕ್ಕೆ ನೀರು ಬಂದ ದಿನ. ಎಷ್ಟೋ ದಿನಗಳ ಮೇಲೆ ಬಂದ ನೀರು. ನಮ್ಮ ಗದಗ ಬೆಟಗೇರಿಯಲ್ಲಿ ಅಂಥ ದಿನ ಮನೆಯಲ್ಲಿ ತಳವಿರುವ ಯಾವ ವಸ್ತುವೂ ಖಾಲಿ ಉಳಿಯುವುದಿಲ್ಲ. ಹಂಡೆ, ಕೊಡ, ಬಕೆಟ್, ಕುಕ್ಕರ್, ಕೊನೆಗೆ ಹಿಟ್ಟಿನ ಡಬ್ಬಿಯೂ ತುಂಬಿತ್ತು. "ಒಂದು ಖಾಲಿ ಬಕೆಟ್ ಕೊಡು" ಎಂದು ಕಾರಿನ ಕೆಳಗಿಂದಲೇ ಕೂಗಿದೆ. "ನೀರು ಬಂದ ದಿನಾ ಖಾಲಿ ಬಕೆಟ್ ಕೇಳತೀರಲ್ರಿ, ಶ್ಯಾಣ್ಯಾ ಅದೀರಿ ಬಿಡ್ರಿ!" ಎಂದು ಒಳಗಿನಿಂದ ಉತ್ತರ ಬಂತು.

ಆಗ ಬಾಗಿಲ ಬದಿಯ ಮುಸುರೆ ಬಕೆಟ್ ಕಣ್ಣಿಗೆ ಬಿತ್ತು. ಅಕ್ಕಿ ತೊಳೆದ ನೀರು, ಗಂಜಿ, ಕಾಯಿಪಲ್ಲೆಯ ಸಿಪ್ಪೆ, ಪಾತ್ರೆ ತೊಳೆದ ನೀರು ಎಲ್ಲ ಅದಕ್ಕೇ ಬೀಳುತ್ತದೆ. ಹಿಂದಿನ ಓಣಿಯ ಗಂಗವ್ವ ದಿನಾ ಬಂದು ತನ್ನ ಎಮ್ಮೆಗೆಂದು ಒಯ್ದು, ಖಾಲಿ ಬಕೆಟ್ಟನ್ನು ತಿರುಗಿ ತಂದಿಡುತ್ತಾಳೆ. ಅವಳ ಮನೆ ನಡೆಯುವುದು ಆ ಒಂದು ಎಮ್ಮೆಯ ಮೇಲೆ. ನಮ್ಮ ಚಹಾದ ಹಾಲೂ ಅದರದ್ದೇ. ಬಕೆಟ್ಟಿನ ತಳದಲ್ಲಿ ಹಿಂದಿನ ರಾತ್ರಿ ನಾನು ಪಾತ್ರೆ ತಿಕ್ಕಿದ ನೀರು ಸ್ವಲ್ಪ ಇತ್ತು. ಇದ್ದರೇನಾಯಿತು ಎಂದುಕೊಂಡು ತಿರುಪಿನ ಕೆಳಗೆ ಇಟ್ಟೆ. ಹಸಿರು ಧಾರೆ ಚಂದವಾಗಿ ಬಿತ್ತು. ಬಿದ್ದದ್ದನ್ನು ಕಣ್ತುಂಬ ನೋಡಿ, ಬಕೆಟ್ಟನ್ನು ರೂಢಿಯಂತೆ ಬಾಗಿಲ ಬದಿಗೇ ಇಟ್ಟು ಒಳಗೆ ಹೋದೆ.

ಕೈ ತೊಳೆದು, ಚಹಾ ಹಿಡಿದುಕೊಂಡು, ಹೊಸ ಕೂಲಂಟ್ ಡಬ್ಬಿಯ ಹಿಂಬದಿಯನ್ನು ಕನ್ನಡಕ ಹಾಕಿ ಓದಿದೆ. ಇದು ವಿಷ, ಮಕ್ಕಳಿಗೂ ಪ್ರಾಣಿಗಳಿಗೂ ಸಿಗದಂತೆ ಇಡಬೇಕು ಎಂದಿತ್ತು. ಇದರ ರುಚಿ ಸಿಹಿ, ಪ್ರಾಣಿಗಳು ಆಸೆಯಿಂದ ಕುಡಿದುಬಿಡುತ್ತವೆ ಎಂದು ವಿಡಿಯೋದ ಹುಡುಗ ಹೇಳಿದ್ದೂ ಆಗಲೇ ನೆನಪಾಗಬೇಕೆ! ಹೊರಗೆ ಓಡಿ ಬಂದೆ. ಬಕೆಟ್ ಇರಲಿಲ್ಲ.

ಕೈಯಲ್ಲಿ ಚಹಾದ ಕಪ್ಪು ಹಾಗೇ ಇತ್ತು. ಅದರಲ್ಲಿದ್ದದ್ದು ಆ ಎಮ್ಮೆಯ ಹಾಲು, ಅದಕ್ಕೆ ನಾನು ಕೊಟ್ಟದ್ದು ಆ ನೀರು. ಕಪ್ಪನ್ನು ಕಾರಿನ ಮೇಲಿಟ್ಟು, ಲುಂಗಿ ಎತ್ತಿ ಹಿಡಿದು, ಬರಿಗಾಲಲ್ಲೇ ಓಡಿದೆ. ಕಟ್ಟೆಯ ಮೇಲೆ ಕೂತವರು "ಏನಾತ್ರಿ ಸರ?" ಎಂದರು. ನಾನು ಓಡುತ್ತಲೇ ಇದ್ದೆ. ಎಮ್ಮೆ ಕಾಲು ಚಾಚಿ ಬಿದ್ದಂತೆ, ಗಂಗವ್ವ ಬಾಯಿ ಬಡಿದುಕೊಂಡಂತೆ ಕಣ್ಣಿಗೆ ಕಟ್ಟಿ, ನಿಜವಾಗಿಯೂ ಅಳು ಬಂತು.

ಹೋಗಿ ನೋಡಿದರೆ ಎಮ್ಮೆ ನಿಂತುಕೊಂಡು ಮೆಲುಕು ಹಾಕುತ್ತಿತ್ತು. ಬಕೆಟ್ ಆಚೆ ಗೋಡೆಯ ಮೂಲೆಯಲ್ಲಿ, ಮೇಲೊಂದು ಹಲಗೆ ಮುಚ್ಚಿಕೊಂಡು ಕೂತಿತ್ತು. ಹಲಗೆ ತೆಗೆದೆ. ಹಸಿರು ನೀರು ಬಸಿದಷ್ಟೂ ಹಾಗೇ ಇತ್ತು.

"ಕುಡಿಸಿಲ್ಲಾ ಗಂಗವ್ವಾ? ಖರೇ ಹೇಳು, ಒಂದು ಗುಟುಕೂ ಕುಡಿಸಿಲ್ಲಾ?" ಎಂದೆ.

ಗಂಗವ್ವ ನಾಚಿಕೊಂಡು ಸೆರಗು ಸರಿ ಮಾಡಿಕೊಂಡಳು. "ಸಿಟ್ಟಾಗಬ್ಯಾಡ್ರಿ ಸರ. ನಿಮ್ಮ ಮನಿ ಮುಸುರಿ ಅದು ಮುಟ್ಟಂಗಿಲ್ರಿ. ನೀವು ಪಾತ್ರಿ ತಿಕ್ಕಾಕ ಹತ್ತಿದಾಗಿಂದ ಮೂಸಿ ನೋಡಿ ಮಾರಿ ತಿರುವತೈತಿ. ಪಾಪ, ದಿನಾ ನೆನಪಿಲೆ ಇಡತೀರಿ, ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ. ತಂದು, ಸಂಜಿಕ ಗಟಾರಕ್ಕ ಚೆಲ್ಲತೇನ್ರಿ."

"ಇವತ್ತು ಹಸಿರು ಬಣ್ಣ ನೋಡಿಯೂ ಏನೂ ಅನಿಸಲಿಲ್ಲವೆ?"

"ಹೊಸಾ ಸಾಬಾಣ ತಂದೀರಿ ಅನಕೊಂಡ್ನಿರಿ."

ಅದು ವಿಷ ಎಂದು ಹೇಳಿದೆ. ಗಂಗವ್ವ ಎಮ್ಮೆಯ ಕೊರಳ ಮೇಲೆ ಕೈ ಇಟ್ಟಳು. ನನಗೂ ಆ ಎಮ್ಮೆಯನ್ನು ಮುಟ್ಟಬೇಕೆನಿಸಿತು. ಹತ್ತಿರ ಹೋದೆ, ಅದು ನನ್ನ ಕೈ ಮೂಸಿ ಮುಖ ತಿರುಗಿಸಿತು.

ಬಕೆಟ್ ಹಿಡಿದು ಹೊರಟೆ. ಕಟ್ಟೆಯವರು ಇನ್ನೂ ಅಲ್ಲೇ ಇದ್ದರು. "ಸರ, ಕೊಟ್ಟ ಮುಸುರಿ ಹೊಳ್ಳಿ ಒಯ್ಯಾಕತ್ತೀರೇನ್ರಿ?" ಎಂದು ಒಬ್ಬರು ಕೇಳಿದರು. ಬೆಟಗೇರಿಯಲ್ಲಿ ಹಾಗೆ ಮಾಡಿದವನು ಬಹುಶಃ ನಾನೊಬ್ಬನೇ. ಹಳೆಯದನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ ಗ್ಯಾರೇಜಿಗೆ ಒಪ್ಪಿಸಿದೆ. ಹೊಸದನ್ನು ಡಿಸ್ಟಿಲ್ಡ್ ನೀರು ಬೆರೆಸಿ ನಾನೇ ತುಂಬಿದೆ, ಒಂದು ಹನಿ ಚೆಲ್ಲದಂತೆ ಅಚ್ಚುಕಟ್ಟಾಗಿ ತುಂಬಿದೆ. ಕಾರು ಈಗ ಶಿರಹಟ್ಟಿಗೆ ಹೋಗಿ ಬಂದರೂ ಕಾಯುವುದಿಲ್ಲ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಗಂಗವ್ವ ಈಗಲೂ ದಿನಾ ಬರುತ್ತಾಳೆ. ಕಾರಿನ ವಿಷದ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಹೊಸ ಮುಸುರೆ ಬಕೆಟ್ಟಿಗೆ ಕೈ ಹಾಕುವ ಮೊದಲು ನನ್ನನ್ನು ದಾಟಿ ಒಳಗೆ ಇಣುಕಿ, ಶಾಂತಾಳನ್ನು ಕೂಗಿ ಒಂದೇ ಮಾತು ಕೇಳುತ್ತಾಳೆ: "ಅಕ್ಕಾರ, ಇವತ್ತ ಪಾತ್ರಿ ಯಾರು ತಿಕ್ಕ್ಯಾರ್ರಿ?"