ಬೋಳು ಟೈರಿಗೆ ಕಚ್ಚು ಕೊರೆಸಿದ ಕಥೆ

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಟೈರಿನ ವಿಷಯದಲ್ಲಿ ಇಡೀ ಗೊಳಸಂಗಿಯಲ್ಲಿ ನನಗಿಂತ ತಿಳಿದವರಿಲ್ಲ. ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದಿದ್ದೇನೆ. ಎರೆಮಣ್ಣಿನ ಕೆಸರಲ್ಲಿ ಒಮ್ಮೆಯೂ ಹೂತುಕೊಂಡಿಲ್ಲ. ಎರಡು ಸಲ ಹೂತಿದ್ದು ನಿಜ. ಆಗ ಓಡಿಸುತ್ತಿದ್ದವನು ನನ್ನ ತಮ್ಮ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.

ಮೊಮ್ಮಗಳು ಗಂಗಾ ನಮ್ಮ ಮನೆಯಲ್ಲೇ ಇರುತ್ತಾಳೆ. ತನ್ನ ಸಣ್ಣ ಕಾರಿನಲ್ಲಿ ದಿನಾ ಮುದ್ದೇಬಿಹಾಳಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳಿ ಬರುತ್ತಾಳೆ. ತಮಿಳುನಾಡಿನ ಕಡೆ ರೇಸಿನ ರಸ್ತೆಯೊಂದಿದೆಯಂತೆ. ಅಲ್ಲಿ ಕೆಲವು ದಿನ ಸಾಮಾನ್ಯರೂ ಸ್ವಂತ ಕಾರು ತಂದು ಓಡಿಸಬಹುದಂತೆ. ಎರಡು ವರ್ಷದಿಂದ ಕನಸು ಕಂಡ ಗಂಗಾ ಕೊನೆಗೂ ಹೆಸರು ಕೊಟ್ಟಳು. ನನಗೆ ಎಷ್ಟು ಹಿಗ್ಗೆಂದರೆ, ಡೈರಿಗೆ ಹಾಲು ಹಾಕಲು ಹೋದವನು ಸುದ್ದಿ ಹಾಕಿ, ಹಾಲಿನ ಕ್ಯಾನು ಹಾಗೆಯೇ ಮನೆಗೆ ತಂದೆ!

ಯಾವ ಟೈರು ಹಾಕುವುದೆಂದು ಅವಳು ಒಂದು ತಿಂಗಳು ತಲೆ ಕೆಡಿಸಿಕೊಂಡಳು.

“ಅಗಲ ಇದ್ದಷ್ಟು ಛಲೋ,” ಎಂದೆ ನಾನು.

“ಹಂಗಲ್ಲ ಮುತ್ಯಾ. ನನ್ನ ಕಾರಿನ ಇಂಜಿನ್ ಸಣ್ಣದು. ಭಾಳ ಅಗಲ ಹಾಕಿದ್ರ ಎಳ್ಯಾಕ ಭಾರ ಆಗ್ತೈತಿ. ತಿರುವಿನಾಗ ಮಡ್‌ಗಾರ್ಡಿಗೆ ತಿಕ್ಕತೈತಿ. ಈಗಿನಕ್ಕಿಂತ ಒಂದು ಬೆರಳು ಹೆಚ್ಚಿದ್ರ ಸಾಕು.”

ಆಮೇಲೆ ರಬ್ಬರಿನ ವಿಷಯ ಶುರು ಮಾಡಿದಳು. ಯಾವುದು ಮೆತ್ತಗೆ, ಯಾವುದು ಗಟ್ಟಿ, ಯಾವುದು ಏಕೆ... ಅಷ್ಟರಲ್ಲಿ ನಾನು ತೂಕಡಿಸಿಬಿಟ್ಟೆ. ಈ ತೂಕಡಿಕೆಯನ್ನು ದಯವಿಟ್ಟು ನೆನಪಿಡಿ.

ಹೊರಡಲು ನಾಲ್ಕು ದಿನವಿರುವಾಗ ಟೈರು ಬಂದವು. ಅಂದು ಅವಳಿಗೆ ಪರೀಕ್ಷೆಯ ಡ್ಯೂಟಿ.

“ಮುತ್ಯಾ, ಇಳಿಸ್ಕೊಂಡು ಪಡಸಾಲ್ಯಾಗ ಇಡು. ಮತ್ತೇನೂ ಮಾಡಬ್ಯಾಡ,” ಎಂದು ಹೇಳಿ ಹೋಗಿದ್ದಳು.

ಏನೂ ಮಾಡದೆ ಇರುವ ಅಭ್ಯಾಸ ನನಗಿಲ್ಲ. ಬಿಚ್ಚಿ ನೋಡಿದೆ. ಮೇಲೆ ನಾಲ್ಕು ಸಣ್ಣ ಗೆರೆ. ಉಳಿದದ್ದೆಲ್ಲ ನನ್ನ ತಲೆಯ ಹಾಗೆ ಬೋಳು! ಉಗುರು ಒತ್ತಿದರೆ ಗುರುತು ಬೇರೆ ಬಿತ್ತು.

“ಶಾಂತವ್ವ, ಕೂಸಿಗೆ ಮೋಸ ಆಗೇತಿ! ಸವೆದ ಟಾಯರ್ ಕಳಿಸ್ಯಾರ!”

ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅಕಿಗೆ ಫೋನ್ ಹಚ್ಚಿ ಕೇಳ್ರಿ.”

“ಪರೀಕ್ಷಾ ನಡದೈತಿ. ಅಕಿಗ್ಯಾಕ ಚಿಂತಿ? ನಾ ಇದ್ದೇನಲ್ಲ!”

“ನೀವು ಇರೋದ ಚಿಂತಿ!”

ನಮ್ಮ ಕಡೆ ಟ್ರ್ಯಾಕ್ಟರಿನ ಟೈರು ಸವೆದರೆ, ಕೆಸರಲ್ಲಿ ಹಿಡಿತ ಸಿಗಲೆಂದು ಕಾದ ಬ್ಲೇಡಿನಿಂದ ಹೊಸ ಕಚ್ಚು, ಅಂದರೆ ಆಳದ ಗೆರೆ, ಕೊರೆಸುವುದುಂಟು. ಊರ ಕ್ರಾಸಿನ ಮೌಲಾಸಾಬ ಅದರಲ್ಲಿ ಪಳಗಿದ ಕೈ. ನಾಲ್ಕನ್ನೂ ಟ್ರೇಲರಿಗೆ ಹಾಕಿಕೊಂಡು ಅವನ ಅಂಗಡಿಗೆ ಹೋದೆ. ಅವನು ಮೂಸಿ ನೋಡಿದ.

“ಕಾಕಾ, ಇವು ಹೊಸಾವು ಅದಾವ ನೋಡ್ರಿ. ವಾಸನಿನೂ ಹೊಸಾದ ಐತಿ.”

“ವಾಸನಿ ಮ್ಯಾಲೆ ಗಾಡಿ ಓಡ್ತೈತೇನಪಾ? ಕೊರಿ.”

ಕೊರೆದ. “ಬೆಣ್ಯಾಗ ಬ್ಲೇಡ್ ಆಡಿಸಿದಂಗ ಆಗಾಕತ್ತೈತ್ರಿ!”

“ಇನ್ನೂ ಆಳ.”

“ಕಾಕಾ, ಒಳಗಿನ ನೂಲು ಕಾಣಾಕತ್ತಾವ.”

“ನೂಲು ಗಟ್ಟಿ ಇರ್ತೈತಿ ಬಿಡು!”

ಮನೆಗೆ ತಂದು ಒಂದೊಂದಕ್ಕೂ ಕುಂಕುಮ ಹಚ್ಚಿದೆ. ಸಂಜೆ ಗಂಗಾ ಬಂದಳು. ನೋಡಿದಳು. ಕಟ್ಟೆಯ ಮೇಲೆ ಕೂತಳು.

“ಮುತ್ಯಾ, ಇವು ಇರೋದ ಹಿಂಗ. ಮೆತ್ತನ ರಬ್ಬರ್ ಬಿಸಿ ಆಗಿ ರಸ್ತಾ ಹಿಡ್ಕೊಳ್ತೈತಿ. ಒಣ ರಸ್ತಾಕ ಕಚ್ಚು ಯಾಕ ಬೇಕು?”

“ಅಲ್ಲಿ ಕೆಸರ ಇಲ್ಲೇನು?”

“ರೇಸಿನ ರಸ್ತಾ ಅದು. ಹೊಲ ಅಲ್ಲ.”

ನೂಲು ಕಾಣುವ ಟೈರು ಜೋರು ಓಡಿದರೆ ಒಡೆಯುತ್ತದಂತೆ. ಬೇರೆ ತರಿಸಲು ದಿನಗಳಿಲ್ಲ. ಅವಳ ಕಣ್ಣು ತುಂಬಿತು. ನನ್ನ ಮೂವತ್ತು ವರ್ಷದ ಅನುಭವದ ಗಾಳಿ ಅಲ್ಲೇ ಇಳಿಯಿತು. ಪಶ್ಚಾತ್ತಾಪದಿಂದ ಅಂದು ಊಟ ಬಿಟ್ಟೆ. ಚಹಾ ಬಿಡಲಿಲ್ಲ.

ಮರುದಿನ ಗಂಗಾ ತಾನೇ ಬಂದು ನನ್ನ ಪಕ್ಕ ಕೂತಳು. “ಕಾಲೇಜಿಗೆ ಹೋಗೋ ಟಾಯರ್ ಮ್ಯಾಲನ ಹೋಗ್ತೇನಿ. ನೀನೂ ಬಾ. ಬಂದ್ರ, ಏನೂ ಮುಟ್ಟಬ್ಯಾಡ.”

ಹೋದೆವು. ಅಲ್ಲಿ ಓಡಿಸುವುದನ್ನು ಕಲಿಸುವವನೊಬ್ಬ ಕಾರು ಸುತ್ತಿ ನೋಡಿ ಏನೋ ಹೇಳಿದ; ಗಂಗಾ ನನಗೆ ಬಿಡಿಸಿ ಹೇಳಿದಳು. ಮೊದಲ ಸಲ ಬಂದವರಿಗೆ ಮಾಮೂಲಿ ಟೈರೇ ಒಳ್ಳೆಯದಂತೆ. ಜಾರುವ ಮೊದಲೇ ಕಿರುಚಿ ಎಚ್ಚರಿಸುತ್ತವಂತೆ. ಕಿರುಚಿದವು! ಪ್ರತಿ ತಿರುವಿನಲ್ಲೂ ಕಿರುಚಿದವು. ಜೊತೆಗೆ ಹೊರಗೆ ಬೆಂಚಿನಲ್ಲಿ ಕೂತ ನಾನೂ.

ಮೊದಲ ಸುತ್ತುಗಳಲ್ಲಿ ಎಲ್ಲ ಕಾರುಗಳೂ ಅವಳನ್ನು ದಾಟಿ ಹೋದವು. ಕೊನೆಯ ಸುತ್ತಿನಲ್ಲಿ ಅವಳು ಒಂದನ್ನು ದಾಟಿದಳು. ನಾನು ಬೆಂಚಿನ ಮೇಲೆ ನಿಂತು ರುಮಾಲು ಬಿಚ್ಚಿ ಬೀಸಿದೆ. “ನಮ್ಮ ಕೂಸ್ರಿ ಅದು! ನಮ್ಮ ಕೂಸು!” ಸುತ್ತಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಚಪ್ಪಾಳೆ ತಟ್ಟಿದರು.

ಗಂಗಾ ಓಡಿ ಬಂದು ನನ್ನ ಕೈ ಹಿಡಿದಳು. “ಮುತ್ಯಾ, ಒಂದನ್ನ ಹಿಂದ ಹಾಕಿದೆ!”

“ನೋಡಿದಿ? ನಾ ಕೊರೆಸಿದ್ದಕ್ಕ ಎಲ್ಲಾ ಛಲೋ ಆತು!”

“ಹೌದು. ಮುಂದಿನ ಸಲ ಮತ್ತ ಮೆತ್ತನವು ತರಸ್ತೇನಿ. ವಿಳಾಸ ಮಾತ್ರ ಕಾಲೇಜಿಂದು ಕೊಡ್ತೇನಿ.”

ಈಗ ಮೂರು ಟೈರಿನಲ್ಲಿ ಶಾಂತವ್ವ ಮಣ್ಣು ತುಂಬಿ ಕೊತ್ತಂಬರಿ, ಮೆಂತ್ಯ, ಪುದೀನ ಹಾಕಿದ್ದಾಳೆ. ನಾಲ್ಕನೆಯದು ಬೇವಿನ ಗಿಡದ ಕೆಳಗಿದೆ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ರಬ್ಬರು ಬಹಳ ಮೆತ್ತಗಿದೆ.

ಗಂಗಾ ಆರಿಸಿದ್ದು ಸರಿಯಾಗಿಯೇ ಇತ್ತು!